ಅವಲಂಬನೆಗಳ ಬೀಗಪಟ್ಟಿಯೂ ಅದರ ಪಾಲನೆಯೂ

ಗಣಕದ ಕ್ರಮವಿಧಿಯೊಂದು ಇಂದು ತಾನೊಂದೇ ನಿಲ್ಲುವುದು ವಿರಳ. ಅನ್ಯರು ರಚಿಸಿದ ಅನೇಕ ಪ್ಯಾಕೇಜುಗಳನ್ನು ಅದು ಆಶ್ರಯಿಸಿರುತ್ತದೆ. ಕರ್ತೃವು ಸಾಮಾನ್ಯವಾಗಿ ಕೇಳುವುದು ನಿರ್ದಿಷ್ಟ ಆವೃತ್ತಿಯನ್ನಲ್ಲ, ಒಂದು ವ್ಯಾಪ್ತಿಯನ್ನು. ಎನ್‌ಪಿಎಂ ಪದ್ಧತಿಯಲ್ಲಿ ^1.2.0 ಎಂದರೆ 1.2.0ಕ್ಕೆ ಕಡಮೆಯಲ್ಲದ, 2.0.0ನ್ನು ಮುಟ್ಟದ ಯಾವ ಆವೃತ್ತಿಯೂ ಸಲ್ಲುವುದು. ಭೈರುಂಬೆಯ ವಿದ್ಯಾರ್ಥಿಯೊಬ್ಬನು ಸೋಮವಾರ ಸ್ಥಾಪಿಸಿದುದೂ ಧಾರವಾಡದ ಅವನ ಸಹಪಾಠಿ ಗುರುವಾರ ಸ್ಥಾಪಿಸಿದುದೂ ಹೆಸರಿನಲ್ಲಿ ಒಂದೇ ಆಗಿ ಒಡಲಿನಲ್ಲಿ ಬೇರೆಯಾಗಬಹುದು. ಇಲ್ಲಿ ನಡೆದುದು ಅಲ್ಲಿ ಕೆಡುವುದು. ಇಬ್ಬರ ಬರೆಹದಲ್ಲೂ ದೋಷ ಕಾಣದು.

ಈ ತೊಡಕಿಗೆ ಪರಿಹಾರವೇ ಬೀಗಪಟ್ಟಿ. ರೂಬಿ ಭಾಷೆಯ ಬಂಡ್ಲರ್ ಇದನ್ನು 2010ರಲ್ಲಿಯೂ, ಯಾರ್ನ್ 2016ರಲ್ಲಿಯೂ ಬಳಕೆಗೆ ತಂದವು. ಎನ್‌ಪಿಎಂನ ಪ್ಯಾಕೇಜ್-ಲಾಕ್ ಕಡತ 2017ರದು. ಅವಲಂಬನೆಯ ಅವಲಂಬನೆಗೂ ಅದರಲ್ಲಿ ಖಚಿತ ಆವೃತ್ತಿ, ದೊರೆಯುವ ವಿಳಾಸ, ಒಳಗಿನ ಒಂದಕ್ಷರ ಬದಲಾದರೂ ಹೊಂದದ ಸಂಕೇತಾಂಕ ಇವು ದಾಖಲಾಗುತ್ತವೆ. ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸುವ ಸಂಪಾದಕರಿಗೆ ಇದರ ಅಗತ್ಯವನ್ನು ವಿವರಿಸಬೇಕಿಲ್ಲ.

ಆದರೆ ಪಟ್ಟಿಯಿದ್ದ ಮಾತ್ರಕ್ಕೆ ಸಾಲದು. ಕೋರಿಕೆಯ ಕಡತಕ್ಕೂ ಪಟ್ಟಿಗೂ ಹೊಂದಿಕೆ ತಪ್ಪಿದಾಗ, ಎನ್‌ಪಿಎಂನ ಸಾಮಾನ್ಯ ‘ಇನ್‌ಸ್ಟಾಲ್’ ಆಜ್ಞೆಯು ಪಟ್ಟಿಯನ್ನೇ ತಿದ್ದಿ ಮುಂದುವರಿಯುತ್ತದೆ. 2018ರಲ್ಲಿ ಬಂದ ‘ಸಿಐ’ ಆಜ್ಞೆಯಾದರೋ ದೋಷ ತೋರಿ ನಿಲ್ಲುತ್ತದೆ. ಹೊಂದಿಕೆಯಿದ್ದರೆ ಹಳೆಯ ಸ್ಥಾಪನೆಯನ್ನು ಅಳಿಸಿ, ಪಟ್ಟಿಯಲ್ಲಿರುವುದನ್ನೇ ಇಳಿಸುತ್ತದೆ. ಪಟ್ಟಿಯನ್ನು ಎಂದೂ ತಿದ್ದದು. ಪರೀಕ್ಷಣಯಂತ್ರದಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಎರಡನೆಯದನ್ನೇ ಬಳಸತಕ್ಕದ್ದೆಂಬುದು ನಮ್ಮ ಅಭಿಮತ. ಆವೃತ್ತಿ ಬದಲಿಸುವುದು ಬುದ್ಧಿಪೂರ್ವಕ ಕಾರ್ಯವಾಗಬೇಕು, ಸ್ಥಾಪನೆಯ ಉಪಫಲವಾಗಬಾರದು.

ಇದು ಬರಿಯ ಶಿಸ್ತಿನ ಮಾತಲ್ಲ. 2018ರಲ್ಲಿ ಈವೆಂಟ್-ಸ್ಟ್ರೀಮ್ ಎಂಬ ಬಹುಬಳಕೆಯ ಪ್ಯಾಕೇಜಿಗೆ ಹೊಸ ನಿರ್ವಾಹಕನೊಬ್ಬನು ಸೇರಿಸಿದ ಅವಲಂಬನೆಯಲ್ಲಿ, ಬಿಟ್‌ಕಾಯಿನ್ ಕದಿಯುವ ಸಂಕೇತ ಅಡಗಿತ್ತು. ಹಳೆಯ ಪಟ್ಟಿಯನ್ನು ಬದಲಿಸದೆ ಪಾಲಿಸಿದವರಿಗೆ ಅದು ತಾನಾಗಿ ಬರಲಾರದಾಗಿತ್ತು. ಪಟ್ಟಿಗೂ ಮಿತಿಯುಂಟು: 2016ರ ಮಾರ್ಚಿಯಲ್ಲಿ ಹನ್ನೊಂದು ಸಾಲಿನ ಲೆಫ್ಟ್-ಪ್ಯಾಡನ್ನು ಕರ್ತೃವು ಹಿಂತೆಗೆದಾಗ ಅನೇಕ ಯೋಜನೆಗಳು ನಿಂತುಹೋದವು. ವಿಳಾಸ ಬರೆದಿಟ್ಟರೆ ಮನೆ ಉಳಿಯುವುದಿಲ್ಲವಷ್ಟೆ.

ಇಬ್ಬರು ಬೇರೆಬೇರೆ ಪ್ಯಾಕೇಜು ಸೇರಿಸಿ, ಕೆಲಸವನ್ನು ಕೂಡಿಸುವಾಗ ಪಟ್ಟಿಯಲ್ಲಿ ಘರ್ಷಣೆ ತೋರುವುದುಂಟು. ಅದನ್ನು ಕೈಯಿಂದ ತಿದ್ದಹೋಗಬಾರದು. ಮೊದಲು ಕೋರಿಕೆಯ ಕಡತವನ್ನು ಸರಿಪಡಿಸಿ, ‘ಇನ್‌ಸ್ಟಾಲ್’ನಿಂದ ಪಟ್ಟಿಯನ್ನು ಯಂತ್ರದಿಂದಲೇ ಬರೆಯಿಸಿ, ಎರಡನ್ನೂ ಒಟ್ಟಿಗೆ ಭಂಡಾರಕ್ಕೆ ಒಪ್ಪಿಸಬೇಕು.