ಅರ್ಧಕ್ಕೆ ನಿಂತ ಕೆಲಸದ ದುಡ್ಡು

ಲಂಡನ್ನಿನ ಪ್ರಕಾಶಕ ಕೋಲ್ಬರ್ನ್ ಮಕ್ಕಳಿಗಾಗಿ ಹೊರಡಿಸಿದ ಪುಸ್ತಕಮಾಲೆಯಲ್ಲಿ ಒಂದು ಸಂಪುಟ ಹಳೆಯ ಕಾಲದ ಉಡುಪು, ಕವಚಗಳ ಕುರಿತದ್ದು. ಅದನ್ನು ಬರೆದುಕೊಡಲು ನಾಟಕಕಾರ ಜೇಮ್ಸ್ ರಾಬಿನ್ಸನ್ ಪ್ಲಾಂಶೆ ಒಪ್ಪಿದ್ದರು. ಸಂಭಾವನೆ 100 ಪೌಂಡ್, ಅದೂ ಪುಸ್ತಕ ಮುಗಿದ ಮೇಲೆ. ಕವಚಗಳ ಸಂಗ್ರಹವೊಂದನ್ನು ಅವರು ಹೋಗಿ ನೋಡಿ ಬಂದರು, ಚಿತ್ರ ಸಿದ್ಧಪಡಿಸಿದರು, ಒಂದು ಭಾಗ ಬರೆದೂ ಆಗಿತ್ತು. ಅಷ್ಟರಲ್ಲಿ ಪ್ರಕಾಶಕರು ಮಾಲೆಯನ್ನೇ ಕೈಬಿಟ್ಟರು. ಪೂರ್ತಿ ಹಸ್ತಪ್ರತಿ ಕೈಗೆ ಬಂದಿಲ್ಲ, ದುಡ್ಡೇಕೆ ಕೊಡಬೇಕು ಎಂಬುದು ಅವರ ವಾದ. 1831ರಲ್ಲಿ ಕೋರ್ಟು ಪ್ಲಾಂಶೆಗೆ 50 ಪೌಂಡ್ ಕೊಡಿಸಿತು. ಮುಗಿಸಲು ಬಿಡದವರೇ ‘ಮುಗಿದಿಲ್ಲ’ ಎಂದು ಹೇಳುವಂತಿಲ್ಲ ಎಂಬುದು ತೀರ್ಪಿನ ಸಾರ. ಅದೇ ವಿಷಯದ ಮೇಲೆ ಪ್ಲಾಂಶೆ ಬರೆದ ದೊಡ್ಡ ಪುಸ್ತಕ 1834ರಲ್ಲಿ ಬೇರೊಬ್ಬ ಪ್ರಕಾಶಕರಿಂದ ಹೊರಬಂತು.

ಇದಕ್ಕೂ ಮುಂಚಿನ, 1795ರ ಇನ್ನೊಂದು ಇಂಗ್ಲಿಷ್ ತೀರ್ಪು ಕಠೋರವಾದದ್ದು. ಹಡಗೊಂದರ ಅಧಿಕಾರಿ ಕಟ್ಟರ್ ಜಮೈಕಾದಿಂದ ಲಿವರ್‌ಪೂಲ್ ತನಕ ದುಡಿದರೆ 30 ಗಿನ್ನಿ ಎಂದು ಮಾತಾಗಿತ್ತು. ದಾರಿಯಲ್ಲೇ ಆತ ತೀರಿಕೊಂಡ. ಅಷ್ಟು ವಾರ ದುಡಿದದ್ದಕ್ಕಾದರೂ ಕೊಡಿ ಎಂದು ಹೆಂಡತಿ ಕೋರ್ಟಿಗೆ ಹೋದರೆ ಬಿಡಿಗಾಸೂ ಸಿಗಲಿಲ್ಲ. ಪ್ರಯಾಣ ಮುಗಿದರಷ್ಟೇ ಸಂಬಳ ಎಂದು ಚೀಟಿಯಲ್ಲಿ ಬರೆದಿತ್ತು, ಮುಗಿಯದ್ದಕ್ಕೆ ಹಡಗಿನವರು ಕಾರಣರೂ ಆಗಿರಲಿಲ್ಲ. ಕೆಲಸ ಎಷ್ಟು ಆಗಿದೆ ಎನ್ನುವುದಕ್ಕಿಂತ ಮೊದಲು ಅದನ್ನು ನಿಲ್ಲಿಸಿದವರು ಯಾರು ಎಂದು ಕೇಳಬೇಕಾದದ್ದು ಇದಕ್ಕೇ.

ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ 1872ರ ಕರಾರು ಕಾಯ್ದೆಯಲ್ಲಿದೆ. ಅದರ 53ನೇ ಕಲಮು ಕೊಡುವ ಉದಾಹರಣೆ ಸಾವಿರ ರೂಪಾಯಿಯ ಗುತ್ತಿಗೆಯದು: ಕೆಲಸಗಾರ ತಯಾರಿದ್ದಾನೆ, ಕೆಲಸ ಕೊಟ್ಟವನೇ ಅಡ್ಡಿ ಮಾಡುತ್ತಾನೆ, ಆಗ ಕೆಲಸಗಾರ ಕರಾರನ್ನು ರದ್ದುಪಡಿಸಿ ನಷ್ಟ ವಸೂಲಿ ಮಾಡಬಹುದು. ಕರಾರೇ ಗಟ್ಟಿಯಿಲ್ಲದಿದ್ದರೆ 70ನೇ ಕಲಮು ನೆರವಿಗೆ ಬರುತ್ತದೆ. ಪುಕ್ಕಟೆ ಎಂದುಕೊಳ್ಳದೆ ಮಾಡಿಕೊಟ್ಟ ಕೆಲಸದ ಪ್ರಯೋಜನ ಪಡೆದವರು ಅದಕ್ಕೆ ಪರಿಹಾರ ಕೊಡಲೇಬೇಕು. ಬಂಗಾಳದ ಆರಾಂಬಾಗ್‌ನಲ್ಲಿ ಗುತ್ತಿಗೆದಾರರೊಬ್ಬರು ಸರ್ಕಾರಿ ಇಲಾಖೆಗೆ ಕಚ್ಚಾ ರಸ್ತೆ, ಕಾವಲುಕೋಣೆ, ಅಡುಗೆಮನೆ ಕಟ್ಟಿಕೊಟ್ಟಿದ್ದರು. ಕಾನೂನುಬದ್ಧ ಕರಾರು ಇರಲಿಲ್ಲ. ಆದರೂ ಅವನ್ನೆಲ್ಲ ಸರ್ಕಾರ ಬಳಸಿಕೊಂಡಿದೆ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ ದುಡ್ಡು ಕೊಡಿಸಿತು.

ಆದರೆ 70ನೇ ಕಲಮಿನಲ್ಲಿ ಒಂದು ತೊಡಕಿದೆ. ಎದುರಿನವರು ಪ್ರಯೋಜನ ಪಡೆದಿರಬೇಕು. ಡಿಸೈನರೊಬ್ಬರ ಕಂಪ್ಯೂಟರಿನಲ್ಲೇ ಉಳಿದ ಫೈಲಿನಿಂದ ಗಿರಾಕಿಗೆ ಸಿಕ್ಕಿದ್ದೇನು? ಹಾಗಾಗಿ ‘ಪ್ಲಾನ್ ಬದಲಾಯ್ತು, ಸದ್ಯಕ್ಕೆ ಬೇಡ’ ಎಂಬ ವಾಟ್ಸ್‌ಆ್ಯಪ್ ಮೆಸೇಜು ಬಂದ ದಿನವೇ ಅದನ್ನು ತೆಗೆದಿಟ್ಟುಕೊಳ್ಳಬೇಕು. ನಿಲ್ಲಿಸಿದವರು ಯಾರು ಎಂಬುದಕ್ಕೆ ಅದೇ ಸಾಕ್ಷಿ. ಆವರೆಗೆ ಆದ ಕೆಲಸವನ್ನು, ತಿದ್ದಲಾಗದ ಪಿಡಿಎಫ್ ರೂಪದಲ್ಲಾದರೂ ಸರಿ, ಬಿಲ್ಲಿನ ಜೊತೆ ಇಮೇಲ್‌ನಲ್ಲಿ ಕಳಿಸಬೇಕು.

ಬಿಲ್ಲಿನಲ್ಲಿ ಎಷ್ಟು ಬರೆಯುವುದು? ಜಗಳ ಶುರುವಾಗುವುದೇ ಇಲ್ಲಿ. ಕಂಪನಿಯೊಂದರ 24 ಪುಟದ ಕೈಪಿಡಿಗೆ 48,000 ರೂಪಾಯಿ ಮಾತಾಗಿ, 10 ಪುಟ ಆದಾಗ ಕೆಲಸ ನಿಂತಿತು ಎನ್ನಿ. ಪುಟ ಎಣಿಸಿದರೆ 20,000. ಡಿಸೈನರ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಅಕ್ಷರ, ಬಣ್ಣ, ಪುಟದ ಅಚ್ಚುಕಟ್ಟು ಎಲ್ಲ ತೀರ್ಮಾನವಾಗುವುದು ಮೊದಲ ಪುಟಗಳಲ್ಲೇ. 11ನೇ ಪುಟದಿಂದಾಚೆಗೆ ಕೈ ತಾನಾಗಿ ಓಡುತ್ತದೆ. ವಿನ್ಯಾಸ ಒಪ್ಪಿಗೆಯಾದಾಗ ಶೇ 40, ಉಳಿದದ್ದು ಪುಟದ ಲೆಕ್ಕದಲ್ಲಿ ಎಂದು ಮೊದಲೇ ಬರೆದುಕೊಂಡಿದ್ದರೆ 19,200ರ ಜೊತೆ ಪುಟಕ್ಕೆ 1,200ರಂತೆ 12,000 ಸೇರಿ 31,200 ಆಗುತ್ತದೆ. ಅದೇ ಕೆಲಸ, 11,200 ರೂಪಾಯಿ ಹೆಚ್ಚು. ಪಡೆದ ಅಡ್ವಾನ್ಸನ್ನು ಇದರಲ್ಲಿ ಕಳೆಯಬೇಕು. ಕೆಲಸ ರದ್ದಾದರೆ ಇಂತಿಷ್ಟು ಎಂಬ ಮೊತ್ತವನ್ನೂ ಇಂಗ್ಲಿಷ್ ಪತ್ರಿಕೆಗಳು ಬರಹಗಾರರ ಜೊತೆ ಮುಂಚೆಯೇ ಗೊತ್ತುಮಾಡಿಕೊಳ್ಳುವುದುಂಟು. ಅದರ ಹೆಸರು ‘ಕಿಲ್ ಫೀ’.

ಬಾಕಿ ವಸೂಲಿಗೆ ಸಿವಿಲ್ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷ ಕಾಲಾವಕಾಶವಿದೆ. ಮೂವತ್ತು ಸಾವಿರಕ್ಕೆ ಕೋರ್ಟು ಅಲೆಯುವವರು ಯಾರು? ಬೇರೆ ದಾರಿಯೂ ಇದೆ. ಒಬ್ಬರೇ ನಡೆಸುವ ಡಿಸೈನ್, ಅನುವಾದದ ಕೆಲಸವೂ ‘ಉದ್ಯಮ್’ ಪೋರ್ಟಲಿನಲ್ಲಿ ಕಿರು ಉದ್ಯಮವಾಗಿ ನೋಂದಣಿಯಾಗಬಹುದು, ಶುಲ್ಕವಿಲ್ಲ. ಆಗ 2006ರ ಎಂಎಸ್‌ಎಂಇ ಕಾಯ್ದೆ ಅನ್ವಯಿಸುತ್ತದೆ. ಒಪ್ಪಂದದಲ್ಲಿ ಏನೇ ಇರಲಿ, ಕೆಲಸ ಸ್ವೀಕರಿಸಿದ 45 ದಿನಗಳೊಳಗೆ ಹಣ ಬರಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಳಿಸಿದ ಕೆಲಸದ ಬಗ್ಗೆ 15 ದಿನಗಳೊಳಗೆ ಲಿಖಿತ ತಕರಾರು ಬಾರದಿದ್ದರೆ ಕಳಿಸಿದ ದಿನವೇ ಸ್ವೀಕರಿಸಿದಂತೆ. ತಂಟೆ ತಕರಾರುಗಳನ್ನು ರಾಜ್ಯದ ಸೌಲಭ್ಯ ಮಂಡಳಿಯ ಮುಂದೆ ಇಡಬಹುದು. ಆದರೆ ಒಪ್ಪಂದವಾದ ಮೇಲೆ ಮಾಡಿಸಿದ ನೋಂದಣಿ ಹಿಂದಿನ ವ್ಯವಹಾರಕ್ಕೆ ನಡೆಯದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು. ಜಗಳವಾದ ಮೇಲೆ ನೋಂದಣಿಗೆ ಓಡಿದರೆ ಫಲ ಸಿಗುವ ಭರವಸೆಯಿಲ್ಲ.

ದುಡ್ಡು ಬಾರದೆ ಹೋದರೂ ಬರಹಗಾರರ ಕೈಯಲ್ಲಿ ಒಂದು ಹಿಡಿತ ಉಳಿದಿರುತ್ತದೆ. ಹೊರಗಿನವರಿಂದ ಬರೆಸಿದ ಲೇಖನದ, ಮಾಡಿಸಿದ ಅನುವಾದದ ಹಕ್ಕು ಬರವಣಿಗೆಯ ಮೂಲಕ ವರ್ಗಾಯಿಸದ ಹೊರತು ಬರೆದವರದ್ದೇ ಎಂದು 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ದುಡ್ಡು ಕೊಡದೆ ಅರ್ಧ ಕರಡನ್ನೇ ಅಚ್ಚು ಹಾಕಿದ ಗಿರಾಕಿ ಬಾಕಿದಾರನಷ್ಟೇ ಆಗಿ ಉಳಿಯುವುದಿಲ್ಲ, ಹಕ್ಕುಚ್ಯುತಿಗೂ ಉತ್ತರ ಕೊಡಬೇಕಾಗುತ್ತದೆ. ಹಣ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಭಾವಚಿತ್ರ, ಮಾಡಿಸಿದ ಸಿನಿಮಾಗಳ ನಿಯಮ ಮಾತ್ರ ಉಲ್ಟಾ. ಬೇರೆ ಮಾತಾಗಿರದಿದ್ದರೆ ಅವುಗಳ ಹಕ್ಕು ಮಾಡಿಸಿದವರದ್ದು. ಮದುವೆ ಫೋಟೊ ತೆಗೆಯುವವರು ಪೂರ್ತಿ ದುಡ್ಡು ಕೈಗೆ ಬರುವ ತನಕ ಆಲ್ಬಮ್ ಕೊಡದಿರುವುದು ಜಾಣತನ ಎನ್ನುವುದು ಇದಕ್ಕೇ.