ರಕ್ತದ ಶಾಖವನ್ನು ಅಳೆದುದರ ಪ್ರಯೋಜನ

ಸಂಶೋಧನೆಗೆ ಹಣ ಮಂಜೂರು ಮಾಡುವ ಕಡತಗಳಲ್ಲಿ ತಪ್ಪದೇ ಎದುರಾಗುವ ಪ್ರಶ್ನೆಯೊಂದಿದೆ: 'ಇದರಿಂದ ಪ್ರಯೋಜನವೇನು?' ಸಾರ್ವಜನಿಕ ಹಣದ ವಿಷಯದಲ್ಲಿ ಈ ಪ್ರಶ್ನೆ ನ್ಯಾಯವಾದುದೇ. ಆದರೆ ಉತ್ತರಕ್ಕಾಗಿ ಎಷ್ಟು ಕಾಲ ಕಾಯಬೇಕೆಂದು ಯೋಚಿಸುವವರು ವಿರಳ. ಹಿಮೊಗ್ಲೋಬಿನ್ ಕುರಿತ ಅಧ್ಯಯನ ಇದಕ್ಕೊಂದು ನಿದರ್ಶನ.

ರಕ್ತಕ್ಕೆ ಕೆಂಪು ಬಣ್ಣ ನೀಡುವ ಈ ಪ್ರೋಟೀನು ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದುಕೊಂಡು ಅಂಗಾಂಗಗಳಲ್ಲಿ ಬಿಟ್ಟುಕೊಡುತ್ತದೆ. ಹಿಡಿಯುವಾಗ ಅಲ್ಪ ಶಾಖ ಹೊರಬೀಳುತ್ತದೆ. ಬಿಡಿಸಬೇಕಾದರೆ ಶಾಖವನ್ನು ಮರಳಿ ಒದಗಿಸಬೇಕು. ದುಡಿದು ಬಿಸಿಯೇರಿದ ಸ್ನಾಯುವಿಗೆ ಆಮ್ಲಜನಕ ಸುಲಭವಾಗಿ ದೊರೆಯುವುದಕ್ಕೆ ಇದೂ ಒಂದು ಕಾರಣ. ತಣ್ಣಗಾದ ರಕ್ತ ಅದನ್ನು ಬಿಗಿಯಾಗಿ ಹಿಡಿದಿಡುತ್ತದೆ.

1910ರಲ್ಲಿ ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ ಮತ್ತು ಎ.ವಿ. ಹಿಲ್ ಈ ಶಾಖವನ್ನು ಅಳೆದರು. ಇದು ಸುಲಭದ ಕೆಲಸವಲ್ಲ. ಆಮ್ಲಜನಕ ನೀರಿನಲ್ಲಿ ಕರಗುವಾಗಲೂ ಶಾಖ ಹೊಮ್ಮುವುದರಿಂದ ಎರಡನ್ನೂ ಬೇರ್ಪಡಿಸಿ ಲೆಕ್ಕ ಹಾಕಬೇಕು. ಅಳೆದ ಶಾಖವನ್ನು ಉಷ್ಣತೆಗೆ ತಕ್ಕಂತೆ ಪ್ರೋಟೀನಿನ ಹಿಡಿತ ಬದಲಾಗುವ ರೀತಿಯೊಡನೆ ಹೋಲಿಸಿ, ಹಿಮೊಗ್ಲೋಬಿನ್ನಿನ ಅಣುತೂಕ ಸುಮಾರು 16 ಸಾವಿರವೆಂದು ಅವರು ಅಂದಾಜಿಸಿದರು. ನಿಜವಾದ ತೂಕ ಅದರ ಸುಮಾರು ನಾಲ್ಕು ಪಟ್ಟು ಎಂದು ಗಿಲ್ಬರ್ಟ್ ಅಡೇರ್ 1925ರಲ್ಲಿ ತೋರಿಸಿದರು. ಒಂದು ಅಣುವಿನಲ್ಲಿ ಆಮ್ಲಜನಕ ಕೂರುವ ನೆಲೆಗಳು ಒಂದಲ್ಲ, ನಾಲ್ಕು ಎಂಬುದು ಹೀಗೆ ಸ್ಪಷ್ಟವಾಯಿತು.

ಈ ಅಳತೆ ಪುಸ್ತಕಗಳಲ್ಲೇ ಉಳಿಯಲಿಲ್ಲ. ಹಿಮಪ್ರದೇಶದ ರೈನ್‌ಡಿಯರ್ ಜಿಂಕೆಯ ಹಿಮೊಗ್ಲೋಬಿನ್‌ಗೆ ಈ ಶಾಖ ತೀರ ಕಡಿಮೆ. ಆದುದರಿಂದ ಅದರ ಶೀತಲ ಕಾಲುಗಳಲ್ಲೂ ಆಮ್ಲಜನಕ ಬಿಡುಗಡೆಯಾಗುತ್ತದೆ. ಅಳಿದುಹೋದ ಮ್ಯಾಮತ್ ಆನೆಯ ಹಿಮೊಗ್ಲೋಬಿನ್ನನ್ನು ಬ್ಯಾಕ್ಟೀರಿಯಾಗಳಲ್ಲಿ ಮರುಸೃಷ್ಟಿಸಿದ ವಿಜ್ಞಾನಿಗಳು 2010ರಲ್ಲಿ ಅದರಲ್ಲಿಯೂ ಇಂಥದೇ ಹೊಂದಾಣಿಕೆಯನ್ನು ಕಂಡರು. ಶಸ್ತ್ರಚಿಕಿತ್ಸೆಗಾಗಿ ರೋಗಿಯ ದೇಹವನ್ನು ತಂಪುಗೊಳಿಸುವ ವೈದ್ಯರಿಗೂ ರಕ್ತದ ಈ ಸ್ವಭಾವ ಗೊತ್ತಿರಬೇಕು. ಅಣುಗಳು ಪರಸ್ಪರ ಕೂಡುವಾಗಿನ ಶಾಖವನ್ನು ಅಳೆಯುವ ಕ್ಯಾಲೊರಿಮೀಟರುಗಳು ಇಂದು ಔಷಧ ಸಂಶೋಧನೆಯಲ್ಲಿ ನಿತ್ಯ ಬಳಕೆಯಲ್ಲಿವೆ.

1910ರಲ್ಲಿ ಪ್ರಯೋಜನವನ್ನು ಕೇಳಿದ್ದರೆ ಇವುಗಳಲ್ಲಿ ಯಾವುದನ್ನೂ ಆ ವಿಜ್ಞಾನಿಗಳು ಹೇಳಲಾಗುತ್ತಿರಲಿಲ್ಲ. 2020-21ರಲ್ಲಿ ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟು ಮಾತ್ರ. ಹಣ ಕಡಿಮೆಯಿದ್ದಾಗ ತಕ್ಷಣದ ಫಲ ನೀಡುವ ಯೋಜನೆಗಳಿಗೇ ಆದ್ಯತೆ ದೊರೆಯುವುದು ಸಹಜ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ದೂರದೃಷ್ಟಿಯ ಹೂಡಿಕೆಯಲ್ಲ. ಮೂಲ ವಿಜ್ಞಾನದ ಅಳತೆಗಳ ಲಾಭ ಹತ್ತಾರು ವರ್ಷಗಳ ಬಳಿಕ ಯಾರಿಗೋ ದಕ್ಕುವುದರಿಂದ ಖಾಸಗಿ ಬಂಡವಾಳ ಅತ್ತ ಸುಳಿಯುವುದು ಅಪರೂಪ. ಆ ಹೊಣೆ ಸರ್ಕಾರದ್ದೇ. ಅನುದಾನದ ಒಂದು ನಿಶ್ಚಿತ ಪಾಲನ್ನು ಇಂಥ ಕೆಲಸಗಳಿಗೆ ಮೀಸಲಿಟ್ಟು, ಅವುಗಳನ್ನು ತಕ್ಷಣದ ಉಪಯೋಗದಿಂದಲ್ಲದೆ ಅಳತೆಯ ನಿಖರತೆಯಿಂದ ಪರಿಶೀಲಿಸುವ ಪದ್ಧತಿ ಬರಬೇಕಾಗಿದೆ.