ಕೀಬೋರ್ಡು ಕಲಿಸಿದ ಪಾಠ

ಸಂಶೋಧಕರಿಗೆ ಸರ್ಕಾರ ದುಡ್ಡು ಕೊಡಬೇಕಾ? ಮೊನ್ನೆ ನಮ್ಮ ಚರ್ಚೆಯಲ್ಲಿ ಒಬ್ಬರು, ‘ಜನರ ತೆರಿಗೆ ಹಣ ಸ್ವಾಮಿ, ಯಾರದೋ ಕನಸಿಗೆ ಯಾಕೆ ಸುರೀಬೇಕು?’ ಅಂದರು. ಇನ್ನೊಬ್ಬರು, ‘ಸರ್ಕಾರ ಕೊಡದಿದ್ದರೆ ದುಡ್ಡಿಲ್ಲದ ಪ್ರತಿಭೆ ಎಲ್ಲಿಗೆ ಹೋಗಬೇಕು?’ ಅಂದರು. ಇಬ್ಬರ ಮಾತನ್ನೂ ನಾವು ದಿನಾ ಕುಟ್ಟುವ ಕನ್ನಡ ಕೀಬೋರ್ಡಿನ ಮೇಲಿಟ್ಟು ನೋಡೋಣ.

ಕಂಪ್ಯೂಟರಿಗೆ ಕನ್ನಡ ಬಂದ ಹೊಸತರಲ್ಲಿ ಒಂದೊಂದು ಕಂಪನಿಯದು ಒಂದೊಂದು ಕೀಲಿಮಣೆ, ಒಂದೊಂದು ಫಾಂಟು. ಈ ಕಚೇರಿಯ ಪತ್ರ ಆ ಕಚೇರಿಯಲ್ಲಿ ತೆರೆದರೆ ಓದೋಕೇ ಆಗ್ತಿರಲಿಲ್ಲ. ದಾರಿ ಹುಡುಕಿದವರು ಕರಾವಳಿಯ ಕೆ.ಪಿ. ರಾವ್. ಅವರ ವಿನ್ಯಾಸಕ್ಕೆ ಇಂಗ್ಲಿಷ್ ಕೀಬೋರ್ಡೇ ಸಾಕು. ‘ಕೆ’ ಒತ್ತಿದರೆ ಕ, ಜೊತೆಗೆ ‘ಎಫ್’ ಒತ್ತಿದರೆ ಕ್, ಮತ್ತೆ ‘ಕೆ’ ಒತ್ತಿದರೆ ಕ್ಕ. ಅಷ್ಟೇ! 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂತ್ರಾಂಶವನ್ನು ಜನರ ಕೈಗಿಟ್ಟರು. ಇವರಾರೂ ಸರ್ಕಾರದ ಅನುದಾನಕ್ಕೆ ಕಾದು ಕೂತವರಲ್ಲ.

ಹಾಗಾದ್ರೆ ಸರ್ಕಾರ ಮಾಡಿದ್ದೇನು? ರಾವ್ ಅವರ ವಿನ್ಯಾಸ ಆಧರಿಸಿದ ಕೀಲಿಮಣೆಯನ್ನು ಅಧಿಕೃತ ಮಾಡಿತು. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಗೆ ನೆರವಾಯಿತು. ‘ನುಡಿ’ ಉಚಿತವಾಗಿ ಸಿಕ್ಕಿತು. ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಹೊಕ್ಕಿತು. ಎಲ್ಲರಿಗೂ ಒಂದೇ ಕೀಲಿಮಣೆ ತರೋದ್ರಿಂದ ಯಾವ ಕಂಪನಿಗೆ ಲಾಭ ಹೇಳಿ? ಅಂಥ ಕೆಲಸಕ್ಕೇ ಸರ್ಕಾರ ಬೇಕು.

ಎಡವಿದ್ದೂ ಇಲ್ಲೇ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆ ಅಂತ ಬಂದ ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ನಮ್ಮ ಕಚೇರಿಗಳು ಮಾತ್ರ ಹಳೇ ಫಾಂಟು ಬಿಡಲಿಲ್ಲ. ಯೂನಿಕೋಡನ್ನೇ ಬಳಸಿ ಅಂತ ಸರ್ಕಾರದ ಆದೇಶ ಬಂದದ್ದು 2012ರಲ್ಲಿ. ಅಷ್ಟರೊಳಗೆ ಟೈಪಾದ ಕಡತಗಳ ರಾಶಿ ಗೂಗಲ್‌ನಲ್ಲಿ ಹುಡುಕಿದರೆ ಸಿಗೋದಿಲ್ಲ. ನಮ್ಮ ನ್ಯೂಸ್‌ರೂಮಿಗೂ ಎಷ್ಟೋ ಸುತ್ತೋಲೆಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಂದಿವೆ. ಪರಿವರ್ತಕಕ್ಕೆ ಹಾಕಿಯೇ ಓದಬೇಕು.

ಈಗ ರಾಜ್ಯ ಸರ್ಕಾರದ ‘ಎಲಿವೇಟ್’ ಯೋಜನೆಯಲ್ಲಿ ಹೊಸ ಐಡಿಯಾ ಇರುವ ಸ್ಟಾರ್ಟಪ್‌ಗೆ 50 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಕೊಡಲಿ, ಸಂತೋಷ. ಹತ್ತರಲ್ಲಿ ಕೆಲವು ಮುಳುಗುತ್ತವೆ, ಅದನ್ನೂ ಸಹಿಸೋಣ. ಆದರೆ ಎರಡು ಷರತ್ತು. ತೆರಿಗೆ ದುಡ್ಡು ಮೊದಲು ಎಲ್ಲರೂ ಬಳಸುವಂಥದ್ದಕ್ಕೆ ಹೋಗಲಿ. ಕೊಟ್ಟಮೇಲೆ ಕಾಲಕಾಲಕ್ಕೆ ಅದನ್ನು ಪರಿಷ್ಕರಿಸುವ ಹೊಣೆಯೂ ಜೊತೆಗಿರಲಿ.

ರಿಬ್ಬನ್ ಕತ್ತರಿಸೋ ದಿನ ಎಲ್ಲರೂ ಬರ್ತಾರೆ ಸ್ವಾಮಿ. ಹತ್ತು ವರ್ಷ ಬಿಟ್ಟು ರಿಪೇರಿಗೆ ಯಾರು ಬರ್ತಾರೆ? ಮುಂದಿನ ಬಜೆಟ್‌ನಲ್ಲಿ ನಾವು ಕೇಳಬೇಕಾದ ಪ್ರಶ್ನೆ ಅದು.